ಪೈಲಟ್ ಹುಡುಗಿಗೆ ನೆರಮನೆಯ ಶಿಫಾರಸು

ಮಾದನಹಿಪ್ಪರಗಾದಲ್ಲಿ ವಿಮಾನ ಹತ್ತಿ ಇಳಿದ ಮನುಷ್ಯರೆಂದರೆ ಒಬ್ಬರೇ, ತೊಗರಿ ವ್ಯಾಪಾರಿ ದೌಲತರಾಯರು. ಆರು ವರ್ಷದ ಹಿಂದೆ ಬೇಳೆ ವ್ಯಾಪಾರಿಗಳ ಸಭೆಯೊಂದಕ್ಕೆ ಯಾರೋ ಪುಣ್ಯಾತ್ಮರು ಟಿಕೆಟ್ ಕಳಿಸಿದ್ದರಿಂದ ಹೈದರಾಬಾದಿನಿಂದ ಬೆಂಗಳೂರಿಗೆ ಹಾರಿದ್ದರು. ಹಾರಿದ್ದು ಒಂದು ತಾಸು. ಅದನ್ನು ಹೇಳಲು ಮೊದಲ ವರ್ಷ ಅರ್ಧ ತಾಸು ಹಿಡಿಯುತ್ತಿತ್ತು. ಈಗ ಎರಡೂವರೆ ತಾಸು ಹಿಡಿಯುತ್ತದೆ. ಅವರ ಕಥೆಯಲ್ಲಿ ವಿಮಾನ ವರ್ಷದಿಂದ ವರ್ಷಕ್ಕೆ ಮೇಲೇರುತ್ತ ಹೋಗಿ, ಈಚೆಗೆ ಚಂದ್ರನ ಆಜುಬಾಜು ಎಲ್ಲೋ ತಿರುಗುತ್ತಿತ್ತು. ತಮ್ಮ ಸೀಟು ಕಿಟಕಿಯ ಪಕ್ಕದ್ದಾಗಿರಲಿಲ್ಲ, ನಡುವಿನ ದಾರಿಯ ಪಕ್ಕದ್ದಾಗಿತ್ತು, ಕಂಡದ್ದೆಲ್ಲ ಮುಂದಿನವನ ಬೋಳುತಲೆ ಎಂಬ ಸಂಗತಿಯನ್ನು ಅವರು ಸ್ವಂತ ಹೆಂಡತಿ ಸುಂದರಬಾಯಿಗೂ ಹೇಳಿರಲಿಲ್ಲ.

ಊರವರು ಅವರನ್ನು ‘ವಿಮಾನದ ಸಾವ್ಕಾರ್ರು’ ಎನ್ನುತ್ತಿದ್ದರು. ಆ ಹೆಸರಿನ ಮೇಲೆ ದೌಲತರಾಯರು ಸುಖವಾಗಿ ಬದುಕಿದ್ದರು. ಹಾಗಿರುವಾಗ ಒಂದು ಬೆಳಿಗ್ಗೆ ನೆರಮನೆಯ ಲಾಡ್ಲೆಸಾಬ ಪೇಢೆಯ ಡಬ್ಬಿ ಹಿಡಿದು ಬಂದ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು.

“ಸಾವ್ಕಾರ್ರ, ಬಾಯಿ ಸಿಹಿ ಮಾಡ್ರಿ. ನಮ್ಮ ನಿಶಾತ ಡಾಕ್ಟರ್ ತಪಾಸಣಿದಾಗ ಪಾಸಾದ್ಳು.”

“ಯಾಕ, ಏನಾಗಿತ್ತು ಆಕಿಗೆ?”

“ಏನೂ ಆಗಿಲ್ಲ ಅಂತ ಬರಕೊಟ್ಟಾರ್ರಿ. ಕಣ್ಣು, ಕಿವಿ, ಎದಿ, ಎಲ್ಲಾ ಛಲೋ ಅದ. ಪೈಲಟ್ ಆಗ್ಲಿಕ್ಕೆ ಅಡ್ಡಿ ಇಲ್ಲ ಅಂದ್ರು.”

ದೌಲತರಾಯರ ಬಾಯಲ್ಲಿದ್ದ ಪೇಢೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

“ಪೈಲಟ್ ಅಂದ್ರ... ಒಳಗ ನೀರು ಕೊಡ್ತಾರಲ್ಲ, ಅದು?”

“ಅಲ್ರಿ. ಮುಂದ ಕೂತು ಓಡಸ್ತಾರಲ್ಲ, ಅದು.”

ಆ ದಿನದಿಂದ ದೌಲತರಾಯರಿಗೆ ಹೊಟ್ಟೆ ಉರಿಯತೊಡಗಿತು. ಆಳಂದದ ಡಾಕ್ಟರು ಖಾರ ಬಿಡಿ ಎಂದರು. ಸುಂದರಬಾಯಿ ಒಂದು ತಿಂಗಳು ಸಪ್ಪನೆ ಬೇಳೆ, ಮೆತ್ತನೆ ಅನ್ನ, ಮಜ್ಜಿಗೆ ಬಡಿಸಿದರು. ಉರಿ ಕಡಿಮೆಯಾಗಲಿಲ್ಲ. ಒಲೆ ಇದ್ದದ್ದು ನೆರಮನೆಯಲ್ಲಿ. ಇಲ್ಲಿ ಮಜ್ಜಿಗೆ ಕುಡಿದರೆ ಏನು ಬಂತು? ತಾವು ಒಂದು ತಾಸು ಕೂತು ಬಂದ ವಿಮಾನವನ್ನು ಮೋಟಾರ್ ರಿಪೇರಿಯವನ ಮಗಳು ಜೀವನಪೂರ್ತಿ ಓಡಿಸುವುದೆಂದರೆ, ಆರು ವರ್ಷ ಕಷ್ಟಪಟ್ಟು ಕಟ್ಟಿದ ಮರ್ಯಾದೆಗೆ ಏನರ್ಥ? ನಾಳೆ ಕಟ್ಟೆಯ ಮೇಲೆ ಕೂತು “ಮೋಡ ಹತ್ತಿ ಇದ್ದಂಗ ಇರ್ತಾವ” ಎಂದರೆ, ಯಾವನಾದರೂ “ತಡೀರಿ, ನಿಶಾತ ಬರ್ಲಿ, ಕೇಳೂಣು” ಅಂದುಬಿಟ್ಟರೆ?

ಹುಡುಗಿ ಯಾವ ವಿಮಾನ ಶಾಲೆಗೂ ಸೇರಬಾರದು. ದೌಲತರಾಯರು ನಿಶ್ಚಯಿಸಿದರು.

ಅವಕಾಶ ತಾನಾಗಿಯೇ ಮನೆಗೆ ಬಂತು. ಎರಡು ಶಾಲೆಗಳ ಕಾಗದ ಹಿಡಿದು ಲಾಡ್ಲೆಸಾಬ ಮತ್ತೆ ಬಂದ.

“ಎರಡರಾಗ ಯಾವುದು ಛಲೋ ಅಂತ ತಿಳೀವಲ್ದು. ಹೆಣ್ಣು ಕೊಡೂ ಮುಂದ ಹಿರಿಯರು ಹೋಗಿ ವಿಚಾರಣಿ ಮಾಡಂಗಿಲ್ಲೇನ್ರಿ? ಇದೂ ಹಂಗೇ. ಆಳಂದ ರಸ್ತಾದ ಪ್ಲಾಟ್ ಮಾರೀನಿ, ಮತ್ತೊಂದು ಮಾರ್ಲಿಕ್ಕೆ ಇಲ್ಲ. ನೀವು ವಿಮಾನ ಕಂಡವರು. ನೀವು ಹೂಂ ಅಂದಲ್ಲಿ ಸೇರಸ್ತೇನಿ, ಬ್ಯಾಡ ಅಂದ್ರ ಬಿಡ್ತೇನಿ.”

ವಿಚಾರಣೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ದೌಲತರಾಯರ ಬೆನ್ನು ನೆಟ್ಟಗಾಯಿತು. ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಅಫಜಲಪುರದಿಂದ ಜೇವರ್ಗಿಯವರೆಗೆ ಇರಲಿಲ್ಲ. ಊರಲ್ಲಿ ಯಾರ ಮನೆಯ ನೆಂಟಸ್ತಿಕೆಗೆ ಬೀಗರ ಕಡೆಯವರು ಗುಪ್ತವಾಗಿ ವಿಚಾರಿಸಲು ಬಂದರೂ ನೆರೆಯವರೆಂದು ಇವರ ಅಂಗಡಿಗೆ ಬರುತ್ತಿದ್ದರು. ದೌಲತರಾಯರು ಯಾರನ್ನೂ ಬೈದವರಲ್ಲ. “ಮನಿತನ ಛಲೋ ಅದರಿ. ಹುಡುಗನೂ ಛಲೋ ಅದಾನ. ಆದ್ರ...” ಎಂದು ನಿಲ್ಲಿಸುತ್ತಿದ್ದರು. ನೆಲ ನೋಡುತ್ತಿದ್ದರು. ತೊಗರಿಯ ಒಂದು ಕಾಳು ಹೆಕ್ಕಿ ಉರುಳಿಸುತ್ತಿದ್ದರು. ಆಮೇಲೆ, “ಹೋಗ್ಲಿ ಬಿಡ್ರಿ, ನಮಗ್ಯಾಕ.” ಅಷ್ಟೇ. ಬಂದವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದರು. ಹೀಗೆ ಹನ್ನೊಂದು ಮದುವೆ ಮುರಿದಿದ್ದವು. ಆ ‘ಆದ್ರ’ದ ಮುಂದೆ ಏನಿತ್ತೆಂದು ದೌಲತರಾಯರಿಗೂ ಗೊತ್ತಿರಲಿಲ್ಲ.

“ನಡೀ ಲಾಡ್ಲ್ಯಾ, ಹೋಗಿ ಬರೂಣು,” ಎಂದರು. “ನೆರಮನಿ ಹುಡುಗಿ ಅಂದ್ರ ನಮ್ಮನಿ ಹುಡುಗಿ ಇದ್ದಂಗ.”

ಒಳಗಿಂದ ಸುಂದರಬಾಯಿ ಕೇಳಿಸಿಕೊಂಡು, “ನಾನೂ ಬರ್ತೇನಿ,” ಎಂದರು. ಗಂಡನ ಬಾಯಲ್ಲಿ ಅಷ್ಟು ಒಳ್ಳೆಯ ಮಾತು ಬಂದರೆ ಒಬ್ಬರು ಕಾವಲಿಗಿರಬೇಕು ಎಂದು ಮೂವತ್ತೆಂಟು ವರ್ಷದ ಸಂಸಾರ ಕಲಿಸಿತ್ತು.

ಶುಕ್ರವಾರ ಹೊರಟರು. ಬಾಡಿಗೆ ಜೀಪನ್ನು ಲಾಡ್ಲೆಸಾಬನೇ ಓಡಿಸಿದ. ಮುಂದೆ ದೌಲತರಾಯರು, ಹಿಂದೆ ಸುಂದರಬಾಯಿ, ಲಾಡ್ಲೆಸಾಬನ ಹೆಂಡತಿ ವಜೀರುನ್ನಿಸಾ, ನಡುವೆ ನಿಶಾತ. ಪಿಯುಸಿ ವಿಜ್ಞಾನ ಮುಗಿಸಿದ, ಹತ್ತೊಂಬತ್ತರ ತೆಳ್ಳನೆಯ ಹುಡುಗಿ. ಮಾತು ಕಡಿಮೆ. ಕೈಯಲ್ಲಿ ಒಂದು ನೋಟುಬುಕ್ಕು. ಜೀಪು ಹೊರಡುವ ಮೊದಲು ನಾಲ್ಕೂ ಚಕ್ರಗಳನ್ನು ಕಾಲಿನಿಂದ ಒದ್ದು ನೋಡಿ ಹತ್ತಿದ್ದಳು.

ಮೊದಲ ಶಾಲೆ ಸೊಲ್ಲಾಪುರದಲ್ಲಿ, ಸೀರೆ ಅಂಗಡಿಯ ಮೇಲಿನ ಮೂರನೆಯ ಮಾಳಿಗೆಯಲ್ಲಿ. ‘ಸ್ಕೈ ಸಾಮ್ರಾಟ್ ಪೈಲಟ್ ಅಕಾಡೆಮಿ’. ಗಾಜಿನ ಬಾಗಿಲು ತಾನೇ ತೆರೆಯಿತು. ತಂಪು ಗಾಳಿ, ಮೆತ್ತನೆ ಸೋಫಾ, ಬಾಗಿಲಲ್ಲೇ ಆಳೆತ್ತರದ ರಟ್ಟಿನ ಪೈಲಟ್. ಮುಖದ ಜಾಗದಲ್ಲಿ ತೂತು. ಹಿಂದೆ ನಿಂತು ತಲೆ ತೂರಿಸಿದರೆ ಫೋಟೋದಲ್ಲಿ ನೀವೇ ಕ್ಯಾಪ್ಟನ್. ವಜೀರುನ್ನಿಸಾ ಮಗಳನ್ನು ಅಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ತೆಗೆದಳು. ಆ ಟೋಪಿಯ ಕೆಳಗೆ ಆ ಹುಡುಗಿಯ ಮುಖ ಎಷ್ಟು ಸರಿಯಾಗಿ ಕೂತಿತೆಂದರೆ ದೌಲತರಾಯರು ಜೇಬಿನಿಂದ ಹೊಟ್ಟೆಯುರಿಯ ಗುಳಿಗೆ ತೆಗೆದು ನೀರಿಲ್ಲದೆ ನುಂಗಿದರು.

ಮಾತಾಡಿಸಲು ಬಂದವಳು ಮಹೆಕ ಎಂಬ ಕೌನ್ಸೆಲರ್. ಕೋಟು, ನಗು, ಎರಡು ಮೊಬೈಲು.

“ಆಕ್ಚುವಲಿ ಅಂಕಲ್, ನಮ್ದು ಟೋಟಲಿ ವರ್ಲ್ಡ್ ಕ್ಲಾಸ್ ಅದ. ನೌಕರಿ ಹಂಡ್ರೆಡ್ ಪರ್ಸೆಂಟ್ ಗ್ಯಾರಂಟಿ. ಯೂನಿಫಾರ್ಮ್ ಫ್ರೀ, ಬ್ಯಾಗ್ ಫ್ರೀ, ಗಾಗಲ್ ಫ್ರೀ.”

ನಿಶಾತ ನೋಟುಬುಕ್ಕು ತೆರೆದಳು. “ವಿಮಾನ ಎಷ್ಟು ಅದಾವ್ರಿ ಮೇಡಂ? ಎಲ್ಲಿ ಹಾರಸ್ತೀರಿ? ತಿಂಗಳಿಗೆ ಒಬ್ಬೊಬ್ಬರಿಗೆ ಎಷ್ಟು ತಾಸು ಸಿಗ್ತದ?”

“ಫ್ಲೀಟ್ ಆನ್ ದ ವೇ ಅದ ಬೇಟಾ. ಎನಿ ಟೈಮ್ ಬರ್ತದ.”

ನಿಶಾತ ಬರೆದುಕೊಂಡಳು. ಲಾಡ್ಲೆಸಾಬ ಮಾತ್ರ ಸೋಫಾವನ್ನು ಅಂಗೈಯಿಂದ ಸವರುತ್ತ, “ಮಷೀನ್ ದೊಡ್ಡದಿದ್ರ ಬರ್ಲಿಕ್ಕೆ ಹೊತ್ತು ಹಿಡಿತದ,” ಎಂದ. ಅವನ ಕಣ್ಣು ಆಗಲೇ ಗಾಗಲ್ ಹಾಕಿಕೊಂಡಿದ್ದವು.

ಕೆಲಸ ಕೆಡುತ್ತಿದೆ ಎಂದು ದೌಲತರಾಯರಿಗೆ ಅನಿಸಿತು. “ಸ್ವಲ್ಪ ಬಾಜೂಕ ಬರ್ರಿ,” ಎಂದು ಮಹೆಕಳನ್ನು ಗಾಜಿನ ಕೋಣೆಯೊಳಗೆ ಕರೆದೊಯ್ದರು. ಹೊರಗೆ ನಿಶಾತ ಕಾಫಿ ಕುಡಿಯುತ್ತ ಕೂತದ್ದು ಕಾಣುತ್ತಿತ್ತು.

“ಹುಡುಗಿ ಛಲೋ ಅದಾಳ್ರಿ. ಮನಿತನನೂ ಛಲೋ ಅದ. ಆದ್ರ...”

ನಿಲ್ಲಿಸಿ ನೆಲ ನೋಡಿದರು. ನೆಲದಲ್ಲಿ ಉರುಳಿಸಲು ತೊಗರಿಕಾಳು ಇರಲಿಲ್ಲ.

“ನೋ ಇಶ್ಯೂ ಅಂಕಲ್,” ಎಂದಳು ಮಹೆಕ.

ಹನ್ನೊಂದು ಮದುವೆ ಮುರಿದ ಅಸ್ತ್ರ ಗಾಜಿಗೆ ಬಡಿದು ಕೆಳಗೆ ಬಿತ್ತು. ದೌಲತರಾಯರು ಜೀವಮಾನದಲ್ಲಿ ಮೊದಲ ಸಲ ‘ಆದ್ರ’ದ ಮುಂದಿನ ಮಾತು ಹುಡುಕಬೇಕಾಯಿತು.

“ಗಣಿತ ಬರಂಗಿಲ್ಲ.”

“ನೋ ಇಶ್ಯೂ. ಮಷೀನೇ ಲೆಕ್ಕ ಮಾಡ್ತದ.”

“ಕಣ್ಣು ಮಂದ.”

“ಗಾಗಲ್ ಕೊಡ್ತೀವಲ್ಲ ಅಂಕಲ್.”

“ಎತ್ತರ ಕಂಡ್ರ ಚಕ್ಕರ್ ಬರ್ತದ. ಮಾಳಿಗಿ ಹತ್ತಂಗಿಲ್ಲ.”

“ಸ್ಟಾರ್ಟಿಂಗ್‌ದಾಗ ಎಲ್ಲರಿಗೂ ಹಂಗ ಆಗ್ತದ.”

ದೌಲತರಾಯರು ಬೆವರು ಒರೆಸಿಕೊಂಡರು. “ಬಲಗೈ ಇಲ್ಲ ಆಕಿಗೆ,” ಎಂದರು.

ಗಾಜಿನಾಚೆ ನಿಶಾತ ಬಲಗೈಯಿಂದ ಕಾಫಿಯ ಕಪ್ಪು ಕೆಳಗಿಟ್ಟು, ಅದೇ ಕೈಯಿಂದ ಜಡೆ ಹಿಂದಕ್ಕೆ ಎಸೆದಳು. ಮಹೆಕ ಒಮ್ಮೆ ನೋಡಿದಳು.

“ಅಡ್ಜಸ್ಟ್ ಮಾಡೂಣು ಅಂಕಲ್. ಸೀಟ್ ಮಾತ್ರ ಎರಡೇ ಉಳದಾವು.”

ಎರಡು. ದೌಲತರಾಯರ ತಲೆಯಲ್ಲಿ ದೀಪ ಹತ್ತಿತು. ಕೈ ಇಲ್ಲದ ಹುಡುಗಿಗೆ ಒಂದು ಸೀಟಾದರೆ, ಎರಡೂ ಕೈ ಇದ್ದ ತಮ್ಮ ಮಗ ಅರುಣಕುಮಾರನಿಗೆ ಇನ್ನೊಂದು ಯಾಕಾಗಬಾರದು? ಹುಡುಗಿಯನ್ನು ತಡೆಯುವುದೇಕೆ, ತಮ್ಮ ಮನೆಯಲ್ಲೇ ಪೈಲಟ್ ಇದ್ದರೆ?

“ನನ್ನ ಮಗ ಒಬ್ಬ ಅದಾನ. ಮೂವತ್ತಾರು ವರ್ಷ. ಎರಡು ಮಕ್ಕಳು.”

“ವಾವ್. ನಮ್ದು ಎಕ್ಸಿಕ್ಯುಟಿವ್ ಬ್ಯಾಚೇ ಅದ.”

“ಹತ್ತನೇತ್ತೆ ಪರೀಕ್ಷಾಕ್ಕ ಮೂರು ಸಲ ಕೂತಾನ.”

“ಎಕ್ಸ್‌ಪೀರಿಯನ್ಸ್ ಆಯ್ತಲ್ಲ.”

“ತೂಕ ನೂರಾ ಎಂಟು ಕಿಲೋ.”

“ಪರ್ಸನಾಲಿಟಿ ಬೇಕು ಅಂಕಲ್ ಕ್ಯಾಪ್ಟನ್‌ಗೆ. ಇವತ್ತೇ ಅಡ್ವಾನ್ಸ್ ಬಯಾನಾ ಕೊಟ್ರ ಸೀಟ್ ಪಕ್ಕಾ.”

ದೌಲತರಾಯರ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು. ಕಣ್ಣೆದುರು ಅರುಣಕುಮಾರ ಬಂದ. ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯಲು ಹೋಗಿ ಒಂದೇ ಬೇವಿನ ಗಿಡಕ್ಕೆ ಮೂರು ಬಾರಿ ಗುದ್ದಿದ ಅರುಣಕುಮಾರ. ತಕ್ಕಡಿಯ ಮುಂದೆ ಕೂತು ನಿದ್ದೆ ಹೋಗಿ ಗಿರಾಕಿಯೇ ತೂಗಿಕೊಂಡು ಹೋಗುವಂತೆ ಮಾಡಿದ ಅರುಣಕುಮಾರ. ಮೂವತ್ತಾರು ವರ್ಷವಾದರೂ ಹೆತ್ತ ತಂದೆಯೇ ಅವನ ಕೈಗೆ ಸ್ಕೂಟರಿನ ಕೀಲಿ ಕೊಟ್ಟಿರಲಿಲ್ಲ. ಇವರು ವಿಮಾನ ಕೊಡುತ್ತೇವೆ ಎನ್ನುತ್ತಾರೆ.

ದೌಲತರಾಯರೊಳಗಿನ ಅಪ್ಪ ಸುಮ್ಮನಾದ, ತೊಗರಿ ವ್ಯಾಪಾರಿ ಎದ್ದ. ಚೀಲದೊಳಗೆ ಕೈ ಹಾಕಿ ನೋಡದೆ, ಹುಳ ಹಿಡಿದ ಮಾಲನ್ನೂ ಛಲೋ ಎನ್ನುವ ಗಿರಾಕಿ ಆ ಮಾಲು ಒಯ್ಯುವವನಲ್ಲ. ಬೇರೆ ಏನನ್ನೋ ಒಯ್ಯಲು ಬಂದವನು.

ಹೊರಗೆ ಬಂದರೆ ಲಾಡ್ಲೆಸಾಬ ಎದ್ದು ನಿಂತಿದ್ದ. “ಸಾವ್ಕಾರ್ರ, ನಿಮಗ ಪಸಂದ್ ಬಂದ್ರ ಈಗೇ ಬಯಾನಾ ಕೊಡ್ತೇನಿ.”

ದೌಲತರಾಯರಿಗೆ ಇಂಥ ಗಳಿಗೆ ಜೀವನದಲ್ಲಿ ಬಂದಿರಲಿಲ್ಲ. ‘ಹೂಂ’ ಎಂದರೆ ಸಾಕು. ಪ್ಲಾಟಿನ ಹಣ ಇಲ್ಲಿ ಕರಗುತ್ತದೆ, ಹುಡುಗಿ ಗಾಗಲ್ ಹಾಕಿಕೊಂಡು ಮನೆಗೆ ಬರುತ್ತಾಳೆ, ವಿಮಾನದ ಸಾವ್ಕಾರ್ರು ವಿಮಾನದ ಸಾವ್ಕಾರ್ರಾಗಿಯೇ ಉಳಿಯುತ್ತಾರೆ. ಬಾಯಿ ತೆರೆದರು. ನಿಶಾತ ಅವರನ್ನೇ ನೋಡುತ್ತಿದ್ದಳು. ಸುಂದರಬಾಯಿಯೂ ನೋಡುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಚಿತ್ರ ಮೂಡಿತು: ಕಟ್ಟೆಯ ಮೇಲೆ ಊರವರು ಕೂತಿದ್ದಾರೆ, “ದೌಲತರಾಯರೇ ಮುಂದ ನಿಂತು ಸೇರಿಸಿದ್ರಂತ. ವಿಮಾನ ಕಂಡವರಂತ, ವಿಮಾನ ಇಲ್ಲದ್ದು ಕಾಣ್ಲಿಲ್ಲಂತ,” ಎಂದು ನಗುತ್ತಿದ್ದಾರೆ.

“ಬ್ಯಾಡ,” ಎಂದರು.

“ಯಾಕ್ರಿ?”

“ಇವರು ನಮ್ಮ ಅರುಣನ್ನೂ ತೊಗೋತಾರಂತ.”

ಲಾಡ್ಲೆಸಾಬ ಜೀಪಿನ ಕೀಲಿ ಕೈಗೆ ತೆಗೆದುಕೊಂಡ. ಅರುಣಕುಮಾರನನ್ನು ಅವನೂ ಚಿಕ್ಕಂದಿನಿಂದ ಬಲ್ಲ.

ಎರಡನೆಯ ಶಾಲೆ ಎರಡು ತಾಸಿನ ಹಾದಿ. ‘ಭೀಮಾತೀರ ಫ್ಲೈಯಿಂಗ್ ಸ್ಕೂಲ್’. ಹಳೆಯ ಕಾಲದ ವಿಮಾನಪಟ್ಟಿ, ಸುತ್ತ ಒಣಹುಲ್ಲು, ತಗಡಿನ ದೊಡ್ಡ ಶೆಡ್ಡು. ಫಲಕದಲ್ಲಿ ‘ಮುಖ್ಯ ತರಬೇತುದಾರರು: ಕ್ಯಾಪ್ಟನ್ ಆರ್. ದೇಶಮುಖ್’ ಎಂದಿತ್ತು. ಶೆಡ್ಡಿನೊಳಗೆ ನಾಲ್ಕು ಪುಟ್ಟ ವಿಮಾನಗಳು, ಮೂಗಿನ ಮೇಲೆ ಒಂದೊಂದು ಫ್ಯಾನು. ಒಂದರ ಹೊಟ್ಟೆ ಬಿಚ್ಚಿ ನೆಲದ ಮೇಲೆ ಹರಡಿದ್ದರು. ಇನ್ನೊಂದನ್ನು ವಿದ್ಯಾರ್ಥಿಗಳು ಬಕೆಟ್ಟು ಹಿಡಿದು ತೊಳೆಯುತ್ತಿದ್ದರು. ಸೋಫಾ ಇರಲಿಲ್ಲ. ಗೋಡೆಗೆ ಮಾತ್ರ ಒಂದು ಕರಿಹಲಗೆ: ಯಾವ ವಿಮಾನ ಎಷ್ಟು ತಾಸು ಹಾರಿದೆ, ಯಾವುದು ಯಾಕೆ ನಿಂತಿದೆ, ಯಾರು ತಪಾಸಣೆ ಮಾಡಿದರು, ಎಲ್ಲ ಸೀಮೆಸುಣ್ಣದಲ್ಲಿ. ನಿಶಾತ ಅದರ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ.

ಈ ತಗಡಿನ ಶೆಡ್ಡಿನಿಂದ ಯಾರೂ ಹಾರಲಾರರೆಂದು ದೌಲತರಾಯರಿಗೆ ಬಹಳ ಸಂತೋಷವಾಯಿತು. “ಛಲೋ ಅದ ಲಾಡ್ಲ್ಯಾ,” ಎಂದರು. “ನಿನ್ನ ಅಂಗಡಿ ಇದ್ದಂಗೇ ಅದ.”

ಅವರು ಹೀಗೆ ಹಿಗ್ಗುತ್ತಿರುವಾಗಲೇ ಹೊರಗೆ ಗರ್ರ್ ಎಂದು ಸದ್ದಾಯಿತು. ಪುಟ್ಟ ವಿಮಾನವೊಂದು ಪಟ್ಟಿಯ ಮೇಲೆ ಓಡಿ, ಓಡಿ, ಎದ್ದೇಬಿಟ್ಟಿತು. ಒಳಗೆ ನಿಶಾತಳಷ್ಟೇ ತೆಳ್ಳನೆಯ ಒಬ್ಬ ಹುಡುಗಿ, ಒಬ್ಬಳೇ. ದೌಲತರಾಯರು ಕತ್ತೆತ್ತಿ ನೋಡಿದರು. ಕಿಟಕಿ ಇಲ್ಲದ ಸೀಟಿನಲ್ಲಿ ಒಂದು ತಾಸು ಕೂತು, ಆಮೇಲೆ ಆರು ವರ್ಷ ಅವರು ಹೇಳುತ್ತ ಬಂದದ್ದೆಲ್ಲ ಆ ಹುಡುಗಿಗೆ ಈಗ ನಿಜವಾಗಿ ಕಾಣುತ್ತಿರಬೇಕು. ಇಲ್ಲಿ ಸೇರಿಸಿದರೆ ನಿಶಾತ ಹಾರುವುದೇ ಖರೆ. ಹೊಟ್ಟೆಯಲ್ಲಿ ಉರಿ ಭಗ್ ಎಂದಿತು.

ಆದರೆ ಮುರಿಯುವುದು ಹೇಗೆ? ನೇರವಾಗಿ ಯಜಮಾನರ ಬಳಿ ಹೋಗುವುದು ವಿಚಾರಣೆಯ ಶಾಸ್ತ್ರವಲ್ಲ. ಮಾತು ಯಾವಾಗಲೂ ಹಿತ್ತಲಿಂದ ಒಳಗೆ ಹೋಗಬೇಕು. ಕಸ ಹೊಡೆಯುವವಳ ಕಿವಿಗೆ ಹಾಕಿದರೆ ಸಂಜೆಯೊಳಗೆ ಅತ್ತೆಯ ಕಿವಿ ಮುಟ್ಟುತ್ತದೆ. ದೌಲತರಾಯರು ಶೆಡ್ಡಿನ ಹಿಂದೆ ಹೋದರು. ಅಲ್ಲೊಂದು ವಿಮಾನದ ಕೆಳಗೆ, ಚಾಪೆಯ ಮೇಲೆ, ಅರವತ್ತರ ಹೆಂಗಸೊಬ್ಬಳು ಅಂಗಾತ ಮಲಗಿ ಚಕ್ರ ಒರೆಸುತ್ತಿದ್ದಳು. ಮಾಸಿದ ನೀಲಿ ಅಂಗಿ, ಕೂದಲಿಗೆ ಕಟ್ಟಿದ ಅರಿವೆ, ಕೈತುಂಬ ಎಣ್ಣೆ.

“ಏನವ್ವಾ, ಭಾಳ ವರ್ಷ ಆತೇನು ಇಲ್ಲಿ ಕೆಲಸಕ್ಕ?” ಎಂದು ಕುಕ್ಕರಗಾಲಲ್ಲಿ ಕೂತರು.

“ಇಪ್ಪತ್ತೇಳು.”

“ನಿನ್ನ ಮಾತು ಒಳಗಿನವರು ಕೇಳ್ತಾರೇನು?”

“ಕೇಳ್ತಾರ.”

“ಹಂಗಾರ ಒಂದು ಮಾತು ಅದ. ಹೊರಗ ಒಂದು ಹುಡುಗಿ ಬಂದದ, ನಿಶಾತ ಅಂತ. ನಾವು ನೆರಮನಿಯವರು. ಹುಡುಗಿ ಛಲೋ ಅದಾಳ. ಆದ್ರ...”

ನಿಲ್ಲಿಸಿ ನೆಲ ನೋಡಿದರು.

“ಆದ್ರ ಏನು?” ವಿಮಾನದ ಕೆಳಗಿಂದ ದನಿ ಬಂತು. “ಅರ್ಧಾ ಮಾತು ಹೇಳಬ್ಯಾಡ್ರಿ. ಅರ್ಧಾ ಮಾತಿನಿಂದ ವಿಮಾನ ಬೀಳ್ತಾವ.”

ಹೆಂಗಸು ಹೊರಗೆ ಜಾರಿ ಬಂದು, ಕೈ ಒರೆಸಿ, ಜೇಬಿನಿಂದ ಸಣ್ಣ ಪುಸ್ತಕ ಮತ್ತು ಪೆನ್ಸಿಲು ತೆಗೆದಳು. ಚಾಡಿಯನ್ನು ಬರೆದುಕೊಳ್ಳುವ ಕಸದವಳನ್ನು ದೌಲತರಾಯರು ಇದೇ ಮೊದಲು ನೋಡಿದ್ದು. ಇಷ್ಟು ಶ್ರದ್ಧೆಯಿಂದ ಯಾರೂ ತಮ್ಮನ್ನು ಕೇಳಿಸಿಕೊಂಡಿರಲಿಲ್ಲ ಎಂಬ ಹುರುಪು ಬಂತು. ಸೊಲ್ಲಾಪುರದ ಪಾಠ ನೆನಪಿತ್ತು, ಸುಳ್ಳು ನಡೆಯುವುದಿಲ್ಲ. ಆದ್ದರಿಂದ ಈ ಸಲ ನಿಜವಾದ ದೋಷಗಳನ್ನೇ ಹೇಳಲು ತೀರ್ಮಾನಿಸಿದರು.

“ಯಾರ ಮಾತೂ ನಂಬಂಗಿಲ್ಲ ಆಕಿ. ಅವರಪ್ಪ ‘ಫ್ಯೂಸ್ ತೆಗದೇನಿ, ತಂತಿ ಮುಟ್ಟು’ ಅಂದ್ರೂ, ತಾನೇ ಹೋಗಿ ನೋಡಿ ಬಂದು ಮುಟ್ಟತಾಳ. ಹೆತ್ತ ಅಪ್ಪನ ಮ್ಯಾಲೇ ಭರೋಸಾ ಇಲ್ಲ.”

“ಹೂಂ. ಆಮ್ಯಾಲ?”

“ಜಗಳಗಂಟಿ. ಹೋದ ವರ್ಷ ಬಸ್ಸಿನ ಟೈರು ಸವದದ ಅಂತ ಇಳದು ಅಡ್ಡ ನಿಂತ್ಳು. ಟೈರು ಬದ್ಲಿ ಮಾಡೂ ತನಕ ಬಿಡ್ಲಿಲ್ಲ. ಐವತ್ತು ಮಂದಿ ಬೈದ್ರು, ಕದಲ್ಲಿಲ್ಲ. ಕಿಣ್ಣಿ ಸುಲ್ತಾನ ಊರಿನ ಮದುವಿ ಊಟ ತಪ್ಪಿತು ನಂದು.”

“ಆಮ್ಯಾಲ?”

“ಹೆಂಗಸರ ಲಕ್ಷಣ ಇಲ್ಲ. ಹಜರಾಬಿ ಮನ್ಯಾಗ ಗ್ಯಾಸಿಗೆ ಬೆಂಕಿ ಹತ್ತಿದಾಗ ಓಣಿ ಮಂದೆಲ್ಲಾ ಅಳಾಕತ್ತಿದ್ರು. ಈಕಿ ಅಳ್ಲಿಲ್ಲ. ಹಸಿ ಚೀಲ ಒಗದು ಆರಿಸಿ, ಮನಿಗೆ ಹೋಗಿ ಉಂಡಳಂತ. ಅದಕ್ಕ ಹೃದಯ ಅನ್ನೂದು ಬ್ಯಾಡೇನು?”

ಪೆನ್ಸಿಲು ಓಡುತ್ತಿತ್ತು.

“ಇನ್ನೊಂದು ಕೇಳು. ಮಾನ ಮರ್ಯಾದಿ ಮೊದಲೇ ಇಲ್ಲ. ನನ್ನ ಬಾವಿ ಮೋಟಾರ್ ರಿಪೇರಿ ಮಾಡಿ ಕೊಟ್ಟಿದ್ರು. ಛಲೋ ನಡದಿತ್ತು. ಎಂಟು ದಿನದ ಮ್ಯಾಲ ತಾನೇ ಬಂದು, ‘ಕಾಕಾ, ಒಂದು ಸುತ್ತು ತಪ್ಪೀನಿ ಅನಸ್ತದ, ತಿರುಗಿ ಬಿಚ್ಚತೇನಿ’ ಅಂದ್ಳು. ಯಾರೂ ನೋಡಿದ್ದಿಲ್ಲ, ಯಾರೂ ಕೇಳಿದ್ದಿಲ್ಲ. ತನ್ನ ತಪ್ಪು ತಾನೇ ಬಂದು ಹೇಳೂದಂದ್ರ, ಹೆಣ್ಮಕ್ಕಳಿಗೆ ಅದು ಶೋಭಾ ಏನು?”

ಪೆನ್ಸಿಲು ನಿಂತಿತು. ಹೆಂಗಸು ತಲೆ ಎತ್ತಿದಳು. “ಬಿಚ್ಚಿದಾಗ ತಪ್ಪು ಇತ್ತೇನು?”

“ಇತ್ತು,” ಎಂದರು ದೌಲತರಾಯರು ಜಯಘೋಷದ ದನಿಯಲ್ಲಿ.

ಹೆಂಗಸು ಪುಸ್ತಕ ಮುಚ್ಚಿ ಒಳಗೆ ಹೋದಳು. ದೌಲತರಾಯರು ಮುಂಬಾಗಿಲಿಗೆ ಬಂದು, ಸುಂದರಬಾಯಿ ಕಟ್ಟಿ ತಂದಿದ್ದ ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂಗಳ ಮೇಲೆ ಮೊದಲ ಸಲ ಖಾರ ತಿಂದರು. ಹೊಟ್ಟೆ ಹಾಯಾಗಿತ್ತು.

ನಿಶಾತಳನ್ನು ಒಂದೂವರೆ ತಾಸು ಗಣಿತ, ಭೌತಶಾಸ್ತ್ರ ಬರೆಯಲು ಕೂರಿಸಿದರು. ಆಮೇಲೆ ಎಲ್ಲರನ್ನೂ ಒಳಗೆ ಕರೆದರು. ಮೇಜಿನ ಹಿಂದೆ ಕೂತವರನ್ನು ನೋಡಿ ದೌಲತರಾಯರು ಲಾಡ್ಲೆಸಾಬನ ಬೆನ್ನ ಹಿಂದೆ ಸರಿದರು. ಅದೇ ಹೆಂಗಸು. ತಲೆಯ ಅರಿವೆ ಹೋಗಿ ನೆರೆಗೂದಲು ಕಾಣುತ್ತಿತ್ತು. ಹೆಗಲ ಮೇಲೆ ನಾಲ್ಕು ಬಂಗಾರದ ಪಟ್ಟಿ.

“ನಾನು ಕ್ಯಾಪ್ಟನ್ ರುಕ್ಮಿಣಿಬಾಯಿ ದೇಶಮುಖ್. ತವರಮನಿ ಅಕ್ಕಲಕೋಟದ ಕಡೆ, ಅದಕ್ಕ ಕನ್ನಡ ಬರ್ತದ. ಹುಡುಗಿ ಪರೀಕ್ಷಾ ಪಾಸಾಗ್ಯಾಳ. ಆದ್ರ ಪಾಸಾದವರು ನಮ್ಮ ಹತ್ರ ಭಾಳ ಮಂದಿ ಬರ್ತಾರ. ಸೀಟು ಒಂದೇ ಅದ. ನಮಗ ಬೇಕಾಗೂದು ಬ್ಯಾರೆ.” ಸಣ್ಣ ಪುಸ್ತಕ ತೆರೆದರು. “ಈ ಯಜಮಾನ್ರು ಒಂದು ಹೇಳಿಕಿ ಕೊಟ್ಟಾರ. ಓದ್ತೇನಿ.”

ದೌಲತರಾಯರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಸುಂದರಬಾಯಿ ನಿಂತಿದ್ದರು.

ಕ್ಯಾಪ್ಟನ್ ಓದಿದರು. ಯಾರ ಮಾತನ್ನೂ ತಪಾಸಣೆ ಇಲ್ಲದೆ ನಂಬುವುದಿಲ್ಲ. ಯಂತ್ರದ ದೋಷ ಕಂಡರೆ ಐವತ್ತು ಜನ ಬೈದರೂ ಹಿಂದೆ ಸರಿಯುವುದಿಲ್ಲ. ಬೆಂಕಿ ಹತ್ತಿದಾಗ ಮೊದಲು ಆರಿಸುತ್ತಾಳೆ, ಅಳುವುದಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದರು. “ಕೊನೀದು. ತನ್ನ ತಪ್ಪು ಯಾರೂ ನೋಡದಿದ್ರೂ ತಾನೇ ಬಂದು ಹೇಳ್ತಾಳ. ಇಪ್ಪತ್ತೇಳು ವರ್ಷ ಕಲಸೀನಿ. ಹಾರೂದು ಯಾರಿಗರೆ ಕಲಸ್ತೇನಿ. ಇದೊಂದು ಕಲಸ್ಲಿಕ್ಕೆ ಬಂದಿಲ್ಲ ನನಗ.”

ವಜೀರುನ್ನಿಸಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಲಾಡ್ಲೆಸಾಬ ಎದ್ದು ಬಂದು ದೌಲತರಾಯರನ್ನು ತಬ್ಬಿಕೊಂಡ. “ಸಾವ್ಕಾರ್ರ, ನಾ ಹೆತ್ತ ಅಪ್ಪ. ನಾನೂ ಇಷ್ಟು ನೋಡಿದ್ದಿಲ್ಲ ಆಕಿನ್ನ.”

“ನೆರಮನಿ ಅಂದ್ಮ್ಯಾಲ... ಕಣ್ಣು ಇಟ್ಟಿರ್ತೀವಿ,” ಎಂದರು ದೌಲತರಾಯರು. ಅದು ಮಾತ್ರ ಅಕ್ಷರಶಃ ಸತ್ಯವಾಗಿತ್ತು.

“ಹೇಳಿದವರು ಕೆಳಗ ಸಹಿ ಮಾಡ್ಬೇಕು,” ಎಂದು ಕ್ಯಾಪ್ಟನ್ ಪೆನ್ನು ಚಾಚಿದರು. “ನಮ್ಮ ಧಂದೆದಾಗ ಸಹಿ ಇಲ್ಲದ ಮಾತಿಗೆ ಕಿಮ್ಮತ್ತಿಲ್ಲ. ಇದಕ್ಕ ಸಹಿ ಬಿದ್ರ ಸೀಟು ಆಕೀದು.”

ಪೆನ್ನು ದೌಲತರಾಯರ ಕೈಯಲ್ಲಿತ್ತು. ತಡೆಯಬೇಕೆಂದರೆ ಇದೇ ಜಾಗ. ನಾನು ಹೊಗಳಿದ್ದಲ್ಲ, ತೆಗಳಿದ್ದು ಎಂದು ಹೇಳಿಬಿಟ್ಟರಾಯಿತು. ಆದರೆ ಲಾಡ್ಲೆಸಾಬನ ಕೈ ಇನ್ನೂ ಅವರ ಹೆಗಲ ಮೇಲಿತ್ತು. ನಿಶಾತ ಪಕ್ಕಕ್ಕೆ ಬಂದು ನಿಂತು, ಯಾರಿಗೂ ಕೇಳದಂತೆ ಅಂದಳು:

“ಕಾಕಾ, ಬಲಗೈ ಇಲ್ಲಂತ ಹೇಳೂದು ಇಲ್ಲಿ ಮರ್ತ್ರೇನು?”

ದೌಲತರಾಯರು ಅವಳ ಬಲಗೈ ನೋಡಿದರು.

“ಆ ಗಾಜಿನ ಕ್ವಾಣಿಗೆ ಮ್ಯಾಲ ಸಂದು ಇತ್ತರಿ. ಎಲ್ಲಾ ಕೇಳಸ್ತಿತ್ತು.”

“ಅಪ್ಪಗ ಹೇಳೀಯೇನು?”

“ಇಲ್ಲ. ಮೋಟಾರಿನ ಮಾತು ಖರೇನೇ ಹೇಳೀರಲ್ಲ. ಅದನ್ನ ನೆಪ್ಪಿಟ್ಟೋರು ನೀವೊಬ್ಬರೇ.”

ದೌಲತರಾಯರು ಸಹಿ ಹಾಕಿದರು. ಅಕ್ಷರ ಸ್ವಲ್ಪ ಸೊಟ್ಟಗೆ ಬಂತು. ಆದರೂ ಪೂರ್ತಿ ಹೆಸರು ಬರೆದರು.

ನಿಶಾತ ಶಾಲೆಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಊರು ನೆರೆದಿತ್ತು. ಲಾಡ್ಲೆಸಾಬ ಎಲ್ಲರಿಗೂ ಸಹಿಯ ಕಥೆ ಹೇಳುತ್ತಿದ್ದ. ಮೊದಲ ಹಾರ ಹುಡುಗಿಗೆ ಬಿತ್ತು, ಎರಡನೆಯದು ದೌಲತರಾಯರಿಗೆ. ಅವರು ಎರಡೂ ಹಾರಗಳ ಹೂವು ಎಣಿಸಿದಂತೆ ನೋಡಿದರು, ಹುಡುಗಿಯದ್ದೇ ದಪ್ಪಗಿತ್ತು. ಉರಿ ಹೋಗಿರಲಿಲ್ಲ. ಗುಳಿಗೆ ಜೇಬಿನಲ್ಲೇ ಇತ್ತು.

ಅರುಣಕುಮಾರನ ಮಾವ ಬಸವಂತರಾಯರು ಆ ದಿನ ಜೇವರ್ಗಿಯಿಂದ ಮಗಳನ್ನು ನೋಡಲು ಬಂದಿದ್ದರು. ಗುಂಪಿನ ಅಂಚಿನಲ್ಲಿ ನಿಂತು, ಬೀಗರ ಕಿವಿಯ ಹತ್ತಿರ ಬಾಗಿ, “ಎಲ್ಲಾ ನಾಲ್ಕು ದಿನದ ತಮಾಷಾ ಬೀಗರ. ಮೋಟಾರ್ ಸುತ್ತೋರ ಹುಡುಗಿ ಏನು ಹಾರಸ್ತದ? ಎರಡು ತಿಂಗಳಿಗೆ ಟ್ರಂಕು ಹೊತ್ತು ತಿರುಗಿ ಬರ್ತಾಳ ನೋಡ್ರಿ,” ಎಂದರು.

ಇದೇ ಮಾತನ್ನು ಇದೇ ಶಬ್ದಗಳಲ್ಲಿ ದೌಲತರಾಯರು ಒಂದೂವರೆ ತಿಂಗಳಿಂದ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದಿದ್ದರು. ಹೊರಗಿನವರ ಬಾಯಿಂದ ಕೇಳಿದ ಕೂಡಲೇ ಅವರ ಮೈಯೆಲ್ಲ ಉರಿಯಿತು. ಹಾರ ಕೊರಳಿಂದ ತೆಗೆದು ಸುಂದರಬಾಯಿಯ ಕೈಗೆ ಕೊಟ್ಟರು.

“ಬೀಗರ, ಸ್ವಲ್ಪ ಬಾಜೂಕ ಬರ್ರಿ,” ಎಂದರು.

ಬಾಜೂಕ ಹೋದರೂ ದನಿ ಬಸ್ಸಿನ ತನಕ ಕೇಳಿಸಿತು.

“ಆಕಿ ಹುಟ್ಟಿದಾಗಿಂದ ಹತ್ತೊಂಬತ್ತು ವರ್ಷ ಗ್ವಾಡಿಗೆ ಗ್ವಾಡಿ ಹಚ್ಚಿ ಕೂತೋನು ನಾನು. ಆಕಿ ಮ್ಯಾಲ ಹೊಟ್ಟಿಕಿಚ್ಚು ಪಟ್ಟೋನು ನಾನು, ವಿಚಾರಣಿ ಮಾಡಿ ಸಹಿ ಹಾಕಿದೋನು ನಾನು. ಆಕೀದು ಕೆಟ್ಟದ್ದು ಹೇಳೂದಿದ್ರ ನಾ ಹೇಳ್ತೇನಿ. ಜೇವರ್ಗಿಯಿಂದ ಬಂದು ಹೇಳ್ಲಿಕ್ಕೆ ನೀವೇನು ಆಕಿ ನೆರಮನಿಯವರೇನ್ರಿ?”